ಆಮ್ಲ–ಪ್ರತ್ಯಾಮ್ಲಗಳ ಗುಟ್ಟು ಬಿಡಿಸಿದ ಅರೇನಿಯಸ್

ಹುಣಿಸೆ ಹುಳಿ, ವೀಳ್ಯಕ್ಕೆ ಸುಣ್ಣ ಹೆಚ್ಚಾದರೆ ಬಾಯಿ ಬೇಯುತ್ತದೆ. ಹುಳಿಗೆ ನೀಲಿ ಲಿಟ್ಮಸ್ ಕೆಂಪಾಗುವುದನ್ನೂ ಸುಣ್ಣದ ತಿಳಿಗೆ ಕೆಂಪು ಲಿಟ್ಮಸ್ ನೀಲಿಯಾಗುವುದನ್ನೂ ನಾವೆಲ್ಲ ಶಾಲೆಯಲ್ಲಿ ಕಂಡವರೇ. ಈ ಭೇದಕ್ಕೆ ಕಾರಣವೇನೆಂದು ತಿಳಿಸಿದ ಮಹನೀಯರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್.

1859ರಲ್ಲಿ ಉಪ್ಸಾಲಾ ನಗರದ ಬಳಿ ಜನಿಸಿದ ಅವರು, ದ್ರಾವಣಗಳಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಕುರಿತು 1884ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದರು. ಪರೀಕ್ಷಕರಿಗೆ ಅದು ಹಿಡಿಸಲಿಲ್ಲ. ದೊರೆತದ್ದು ತೀರಾ ಕೆಳದರ್ಜೆ. ಅಧ್ಯಾಪಕ ಹುದ್ದೆಯ ದಾರಿಯೇ ಮುಚ್ಚಿತೆನ್ನುವಾಗ, ರೀಗಾದ ಪ್ರಾಧ್ಯಾಪಕ ಓಸ್ವಾಲ್ಡ್ ಪ್ರಬಂಧವನ್ನು ಓದಿ ಮೆಚ್ಚಿ, ತಾವೇ ಉಪ್ಸಾಲಾಕ್ಕೆ ಬಂದು ತರುಣನ ಬೆನ್ನು ತಟ್ಟಿದರು. ಅದೇ ವರ್ಷ ವಿಶ್ವವಿದ್ಯಾಲಯ ಅವರಿಗೆ ಅಧ್ಯಾಪಕ ಸ್ಥಾನ ನೀಡಿತು.

1887ರಲ್ಲಿ ಅವರ ಸಿದ್ಧಾಂತ ಸ್ಪಷ್ಟ ರೂಪ ತಾಳಿತು. ನೀರಿನಲ್ಲಿ ಆಮ್ಲವು ಜಲಜನಕದ ಅಯಾನುಗಳನ್ನೂ ಪ್ರತ್ಯಾಮ್ಲವು ಹೈಡ್ರಾಕ್ಸಿಲ್ ಅಯಾನುಗಳನ್ನೂ ಬಿಡುತ್ತದೆ. ಇವೆರಡೂ ಕೂಡಿದರೆ ನೀರು, ಅದುವೇ ತಟಸ್ಥೀಕರಣ. ಹೈಡ್ರಾಕ್ಸಿಲ್ ಇಲ್ಲದ ಅಮೋನಿಯ ಹೇಗೆ ಪ್ರತ್ಯಾಮ್ಲವಾಯಿತೆಂಬ ತೊಡಕನ್ನು 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಬಿಡಿಸಿದರು.

ಕೆಳದರ್ಜೆ ಪಡೆದ ಆ ವಿಚಾರಕ್ಕೇ 1903ರಲ್ಲಿ ನೊಬೆಲ್ ಪಾರಿತೋಷಕ ಬಂತು. 1927ರಲ್ಲಿ ಅರೇನಿಯಸ್ ತೀರಿಕೊಂಡರು.

ಅಂಕ ಕಡಿಮೆಯಾದ ಮಕ್ಕಳನ್ನು ಗದರಿಸುವ ಮುನ್ನ ನಾವು ಅರೇನಿಯಸ್ಸರನ್ನು ನೆನೆಯೋಣ, ಓಸ್ವಾಲ್ಡರನ್ನೂ ಮರೆಯದಿರೋಣ.