ರಂಗನಾಥನ್ ಅವರ ಎತ್ತಿನ ಗಾಡಿ ಮತ್ತು ಗೋಣಿಕೊಪ್ಪಲು

ಶಿಯಾಳಿ ರಾಮಾಮೃತ ರಂಗನಾಥನ್ ಗ್ರಂಥಪಾಲಕರಾದದ್ದು ಅಷ್ಟೇನೂ ಇಷ್ಟಪಟ್ಟಲ್ಲ. ತಂಜಾವೂರು ಸೀಮೆಯಲ್ಲಿ 1892ರಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದರು. ಮಾತಿನಲ್ಲಿ ಉಗ್ಗಿತ್ತು, ಆದರೂ ಪಾಠವೆಂದರೆ ಪ್ರೀತಿ. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾಗಿ ಕುಳಿತಾಗ, ಓದುಗರ ಸುಳಿವೇ ಇಲ್ಲದ ಆ ಏಕಾಂತ ಅವರಿಗೆ ಸೆರೆವಾಸವೆನಿಸಿತು. ಕಾಲೇಜಿಗೆ ಮರಳಲು ಅನುಮತಿ ಬೇಡಿದರು. ಇಂಗ್ಲೆಂಡಿಗೆ ಹೋಗಿ ಬಂದ ಬಳಿಕವೂ ಬೇಸರ ಉಳಿದರೆ ಮರಳಬಹುದೆಂಬ ಭರವಸೆಯ ಮೇಲೆ ಅವರನ್ನು ಲಂಡನ್ನಿಗೆ ಕಳುಹಿಸಲಾಯಿತು.

ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೋ ಆಟಿಕೆಯಿಂದ ಅವರಿಗೆ ಪುಸ್ತಕ ವರ್ಗೀಕರಣದ ಹೊಸ ವಿಧಾನ ಹೊಳೆದ ಪ್ರಸಂಗವನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಬಲ್ಲರು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಮತ್ತೊಂದು. ವಿದ್ವಾಂಸರಿಗಷ್ಟೇ ಅಲ್ಲದೆ ದುಡಿಯುವ ಗಂಡಸರಿಗೆ, ಗೃಹಿಣಿಯರಿಗೆ, ಮಕ್ಕಳಿಗೂ ಬಾಗಿಲು ತೆರೆದ ಸಾರ್ವಜನಿಕ ಗ್ರಂಥಾಲಯಗಳನ್ನು ಅವರು ಅಲ್ಲಿ ಕಂಡರು. 1925ರಲ್ಲಿ ಸ್ವದೇಶಕ್ಕೆ ಬಂದವರು ಮತ್ತೆ ಕಾಲೇಜಿನ ಮಾತೆತ್ತಲಿಲ್ಲ.

ಮುಂದಿನ ಎರಡು ದಶಕಗಳ ಅವರ ದುಡಿಮೆ ಅಸಾಧಾರಣವಾದುದು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿತು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳ ಪುಸ್ತಕ ಹೊರಬಂತು. ಓದುಗನು ಬಾರದಿದ್ದರೆ ದೋಷ ಅವನದಲ್ಲ, ಗ್ರಂಥಾಲಯದ್ದು ಎಂಬುದೇ ನಾನು ಕಂಡಂತೆ ಅದರ ತಿರುಳು. ಅದೇ ವರ್ಷದ ಅಕ್ಟೋಬರಿನಲ್ಲಿ ಮನ್ನಾರ್ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ನಿವೃತ್ತ ಎಂಜಿನಿಯರ್ ಕನಕಸಭೈ ಪಿಳ್ಳೈ ಅದಕ್ಕೆ ನೆರವಾದರು. ಪುಸ್ತಕವೇ ಹಳ್ಳಿಯ ಓದುಗನ ಮನೆಬಾಗಿಲಿಗೆ ನಡೆದುಹೋಯಿತು. ನಿವೃತ್ತರು ಏನು ಮಾಡಬಹುದೆಂಬುದಕ್ಕೆ ನನ್ನಂಥವರಿಗೆ ಇದೊಂದು ಪಾಠ.

ಕಾಶಿ, ದೆಹಲಿ, ಜ್ಯೂರಿಕ್‌ಗಳನ್ನು ಕಂಡು ಬಂದ ರಂಗನಾಥನ್ 1957ರಲ್ಲಿ ಬೆಂಗಳೂರಿನಲ್ಲಿ ನೆಲೆಸಿದರು. 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅವರು ಬಹುಕಾಲ ಪ್ರತಿಪಾದಿಸಿದ ಗ್ರಂಥಾಲಯ ಶಾಸನದ ವಿಚಾರ ಮೈಸೂರು ರಾಜ್ಯದಲ್ಲಿ 1965ರ ಕಾಯಿದೆಯಾಗಿ ರೂಪುತಳೆಯಿತು. ಆಸ್ತಿ ತೆರಿಗೆಯೊಡನೆ ನಾವು ತೆರುವ ಗ್ರಂಥಾಲಯ ಕರದ ಮೂಲ ಅದೇ. ಸಂಗ್ರಹವಾದ ಕರ ಇಲಾಖೆಗೆ ಸಕಾಲದಲ್ಲಿ ತಲುಪದಿರುವುದು ಬೇರೆಯದೇ ಕಥೆ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು.

1956ರಲ್ಲಿ ಮೈಸೂರಿನೊಡನೆ ಸೇರಿದ ಕೊಡಗಿಗೂ ಆ ಕಾಯಿದೆ ಅನ್ವಯವಾಯಿತು. ಅಲ್ಲಿನ ಗೋಣಿಕೊಪ್ಪಲಿನಲ್ಲಿ ಇಂದು ರಂಗನಾಥನ್ ಅವರಿಗೆ ಪರಿಚಿತವೆನಿಸಬಹುದಾದ ಪ್ರಶ್ನೆಯೊಂದಿದೆ. ಸುತ್ತಲಿನ ಕಾಫಿ ತೋಟಗಳಿಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಕಾರ್ಮಿಕರು ಬರುತ್ತಾರೆ. ಬಸ್ಸಿನ ಬೋರ್ಡು, ಪಡಿತರದ ಅಂಗಡಿಯ ಸೂಚನೆ, ಪಂಚಾಯಿತಿಯ ಅರ್ಜಿ ಎಲ್ಲವೂ ಅವರಿಗೆ ಅಪರಿಚಿತ ಲಿಪಿಯಲ್ಲಿವೆ. ಕೆಲಸ ಎಲ್ಲಿದೆ, ಕೂಲಿ ಎಷ್ಟು ಎಂಬ ತಿಳಿವಳಿಕೆ ಮೇಸ್ತ್ರಿಯ ಬಾಯಿಂದಲೇ ಬರಬೇಕು. ಮಾಹಿತಿ ಒಬ್ಬನ ಕೈಯಲ್ಲಿದ್ದರೆ ಕೂಲಿಯ ಚೌಕಾಸಿಯಲ್ಲಿ ಮೇಲುಗೈ ಯಾರದೆಂದು ತಿಳಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದು, ಈಗ ಅರಿವು ಕೇಂದ್ರಗಳೆನಿಸಿವೆ. ಕಾರ್ಮಿಕ ಇಲಾಖೆ, ಬೆಳೆಗಾರರ ಸಂಘಗಳು, ಊರಿನ ನಿವೃತ್ತ ಶಿಕ್ಷಕರು ಇವುಗಳೊಡನೆ ಕೈಜೋಡಿಸಿದರೆ ವಲಸಿಗರಿಗೆ ವ್ಯವಹಾರದ ಕನ್ನಡ ಕಲಿಸಬಹುದು. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಗೆ ನೆರವಾಗಬಹುದು. ಕನಿಷ್ಠ ಕೂಲಿಯ ದರವನ್ನು ಹಿಂದಿ, ಬಂಗಾಳಿ, ಅಸ್ಸಾಮಿಗಳಲ್ಲಿ ಬರೆದು ತೂಗುಹಾಕಬಹುದು.

ನಮ್ಮ ಕರದ ಹಣ ಹೊರಗಿನವರಿಗೇಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಕೊಡಗಿನಂಥ ಪುಟ್ಟ ಜಿಲ್ಲೆಯಲ್ಲಿ, ತಮ್ಮ ನುಡಿ ಮತ್ತು ನೆಲದ ಬಗೆಗಿನ ಆತಂಕವನ್ನು ಹಗುರವಾಗಿ ಕಾಣಲಾಗದು. ಆದರೆ ಆ ತೋಟಗಳ ಫಸಲು ಕೊಯ್ಯುವ ಕೈಗಳೂ ಇವೇ. ಅವರು ಕನ್ನಡ ಕಲಿತರೆ ಊರಿನ ನುಡಿಗೆ ನಷ್ಟವೇನೂ ಇಲ್ಲ. ಕಲಿಯದೆ ಉಳಿದರೆ ಮಾತ್ರ ಅವರು ಎಂದಿಗೂ ಹೊರಗಿನವರೇ.

ಭಾನುವಾರ ಗೋಣಿಕೊಪ್ಪಲಿನ ಸಂತೆ. ತೋಟದ ಲೈನುಗಳಿಂದ ಇವರೆಲ್ಲ ಪೇಟೆಗೆ ಬರುವ ದಿನ ಅದು. ಅಂದು ಎರಡು ಗಂಟೆ ಕಾಲ ಒಬ್ಬ ಮೇಷ್ಟ್ರು ಅರಿವು ಕೇಂದ್ರದಲ್ಲಿ ಕುಳಿತು, ವಿರಾಜಪೇಟೆ, ಪೊನ್ನಂಪೇಟೆ, ಮೈಸೂರು ಎಂಬ ಬಸ್ಸಿನ ಬೋರ್ಡುಗಳನ್ನು ಓದಿಸುವುದರಿಂದ ಕೆಲಸ ಆರಂಭಿಸಬಹುದು.