ಎಕ್ಸ್ ಜಾಗದಲ್ಲಿ ಒಂದು ಎಸ್: ಡೆನಿಸ್ ರಿಚಿ

ಹೋದ ರಜೆಯಲ್ಲಿ ನಾವು ಮೂವರು ಕಲಬುರಗಿಯಿಂದ ಬಸ್ ಹತ್ತಿ ಕಮಲಾಪುರಕ್ಕೆ ಹೋಗಿದ್ವಿ. ಗೆಳೆಯನ ಮನೆಯವರ ಕೆಂಪು ಬಾಳೆ ತೋಟದಲ್ಲಿ ಮಣ್ಣಿನ ತೇವ ನೋಡಿ ಮೋಟಾರ್ ಆನ್ ಮಾಡೋ ನಮ್ಮ ಆ್ಯಪನ್ನು ರಾಸ್ಪ್‌ಬೆರಿ ಪೈ ಮೇಲೆ ಹಾಕಬೇಕಿತ್ತು. ಡೆಬ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದ್ರೆ ಅನುಮತಿ ಇಲ್ಲ ಅಂತು. ಸುಡೋ ಸೇರಿಸಿದ್ವಿ, ಆಯ್ತು. ಆದ್ರೆ ಸುಡೋ ಓಡಿಸಿದ್ದೂ ನಾವೇ, ಸಾಮಾನ್ಯ ಯೂಸರ್. ಅದಕ್ಕೆ ರೂಟ್ ಅಧಿಕಾರ ಎಲ್ಲಿಂದ ಬಂತು? ಹುಡುಕಿದಾಗ ಸಿಕ್ಕಿದ್ದು ನಮ್ಮ ಸಿ ಪುಸ್ತಕದ ಮೇಲಿನ ಹೆಸರೇ.

ಡೆನಿಸ್ ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ, ಆಮೇಲೆ ಅನ್ವಯಿಕ ಗಣಿತ ಓದಿದರು. ಪಿಎಚ್‌ಡಿ ಪ್ರಬಂಧ ಬರೆದರೂ ಬೈಂಡ್ ಮಾಡಿದ ಪ್ರತಿ ಕೊಡಲೇ ಇಲ್ಲ, ಹಾಗಾಗಿ ಡಿಗ್ರಿ ಸಿಗಲಿಲ್ಲ. 1967ರಲ್ಲಿ ತಾವೂ ಬೆಲ್ ಲ್ಯಾಬ್ಸ್ ಸೇರಿದರು. 1969ರಲ್ಲಿ ಕೆನ್ ಥಾಂಪ್ಸನ್ ಶುರು ಮಾಡಿದ ಯೂನಿಕ್ಸ್‌ಗೆ ಕೈ ಜೋಡಿಸಿದರು. 1972ರ ಹೊತ್ತಿಗೆ ಸಿ ಭಾಷೆ ತಯಾರಾಯ್ತು, 1973ರಲ್ಲಿ ಯೂನಿಕ್ಸನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆದರು.

ಆಗ ಒಂದು ತೊಡಕಿತ್ತು. ಪಾಸ್‌ವರ್ಡ್ ಫೈಲ್ ರೂಟ್‌ನದು. ಎಲ್ಲರಿಗೂ ಬರೆಯೋಕೆ ಬಿಟ್ರೆ ಭದ್ರತೆ ಹೋಯ್ತು, ಬಿಡದಿದ್ರೆ ತನ್ನ ಪಾಸ್‌ವರ್ಡ್ ಬದಲಿಸೋಕೂ ಅಡ್ಮಿನ್ ಹತ್ರ ಓಡಬೇಕು. ರಿಚಿ ಅಧಿಕಾರವನ್ನ ಮನುಷ್ಯನಿಗೆ ಕೊಡಲಿಲ್ಲ, ಪ್ರೋಗ್ರಾಮಿಗೆ ಕೊಟ್ಟರು. ಫೈಲ್ ಮೇಲೆ ಒಂದು ಬಿಟ್ ಇಟ್ಟರೆ ಅದು ಓಡಿಸಿದವರ ಹಕ್ಕಿನಿಂದಲ್ಲ, ಮಾಲೀಕರ ಹಕ್ಕಿನಿಂದ ನಡೆಯುತ್ತೆ. ಅದೇ ಸೆಟ್‌ಯುಐಡಿ. 1979ರಲ್ಲಿ ಪೇಟೆಂಟ್ ಸಿಕ್ತು, ಮುಂದೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು. ಲಿನಕ್ಸ್ ಕೂಡ ಇದೇ ದಾರಿ ಹಿಡಿಯಿತು. ಸುಡೋ ನಿಂತಿರೋದು ಇದರ ಮೇಲೆ.

ಮಾಲೀಕ ಯಾರು ಅನ್ನೋದು ಇಷ್ಟು ಮುಖ್ಯ ಅಂತ ಗೊತ್ತಾದ ಮೇಲೆ ನಮ್ಮ ಪ್ಯಾಕೇಜನ್ನ ಬಿಚ್ಚಿ ನೋಡಿದ್ವಿ. ಒಳಗಿನ ಫೈಲ್‌ಗಳೆಲ್ಲಾ ರೂಟ್ ಹೆಸರಲ್ಲಿಲ್ಲ, ನಮ್ಮ ಯೂಸರ್ ನಂಬರ್ 1000ರ ಹೆಸರಲ್ಲಿದ್ವು! ಮೋಟಾರ್ ನಡೆಸೋ ಸರ್ವಿಸ್ ಓಡೋದು ರೂಟ್ ಆಗಿ. ಅಂದ್ರೆ ಪೈನ ಸಾಮಾನ್ಯ ಖಾತೆಗೆ ಯಾರಾದ್ರೂ ನುಗ್ಗಿದ್ರೆ ಆ ಫೈಲ್ ತಿದ್ದಿ ಇಡೀ ಪೈ ವಶ ಮಾಡ್ಕೋಬಹುದಿತ್ತು, ತೋಟದ ನೀರೂ ಅವರ ಕೈಗೆ. ತಪ್ಪು ನಮ್ಮದೇ. ಡೆಬ್ ಕಟ್ಟುವಾಗ ರೂಟ್-ಓನರ್-ಗ್ರೂಪ್ ಆಯ್ಕೆ ಹಾಕಿ ಮತ್ತೆ ಕಟ್ಟಿದ್ವಿ.

ರಿಚಿಗೆ 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂತು. 2011ರ ಅಕ್ಟೋಬರ್‌ನಲ್ಲಿ, ಸ್ಟೀವ್ ಜಾಬ್ಸ್ ಹೋದ ಒಂದು ವಾರಕ್ಕೆ, ಒಬ್ಬರೇ ಇದ್ದ ಮನೆಯಲ್ಲಿ ತೀರಿಕೊಂಡಿದ್ದು ಗೊತ್ತಾಯ್ತು. ಜಾಬ್ಸ್ ಸುದ್ದಿಯ ಮುಂದೆ ಈ ಸುದ್ದಿ ಬಹಳ ಜನಕ್ಕೆ ಮುಟ್ಟಲೇ ಇಲ್ಲ. ಇವತ್ತು ಲ್ಯಾಬಿನಲ್ಲಿ ಸುಡೋ ಫೈಲಿನ ಪರ್ಮಿಷನ್ ತೆಗೆದು ನೋಡಿ. ಎಕ್ಸ್ ಇರಬೇಕಾದ ಕಡೆ ಒಂದು ಎಸ್ ಕಾಣುತ್ತೆ. ಅದು ಅವರದು.