ಪಿಯಾನೋ ಬಿಟ್ಟು ಪಟ್ಟವೇರಿದ ಒಡೆಯರ್

ಹಲಸೂರಿನ ಪಕ್ಕದ ನಮ್ಮ ಮರ್ಫಿ ಟೌನ್ ಒಂದು ಕಾಲಕ್ಕೆ ಬ್ರಿಟಿಷರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್‌ಗೆ ಸೇರಿತ್ತು. 1947ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ವಾಪಸ್ ಬಂದಾಗ ಪಟ್ಟದಲ್ಲಿದ್ದವರು ಜಯಚಾಮರಾಜೇಂದ್ರ ಒಡೆಯರ್. ಅವರು ಪಿಯಾನೋ ವಾದಕರಾಗೋ ಕನಸು ಕಂಡಿದ್ದವರು ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹುಟ್ಟಿದ್ದು 1919ರ ಜುಲೈ 18ರಂದು. ಚಿಕ್ಕಂದಿನಿಂದಲೇ ಪಾಶ್ಚಾತ್ಯ ಸಂಗೀತದ ಹುಚ್ಚು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ನೇ ವಯಸ್ಸಿಗೆ ಪಟ್ಟ ಹೆಗಲಿಗೆ ಬಿತ್ತು. ವೇದಿಕೆಯ ಕನಸು ಅಲ್ಲಿಗೆ ಮುಗೀತು.

ಇಂಥ ತಿರುವಿಗೆ ಸಂಗೀತದಲ್ಲಿ ಒಂದು ಹೆಸರಿದೆ: ಡಿಸೆಪ್ಟಿವ್ ಕೇಡೆನ್ಸ್. ಕೀಬೋರ್ಡ್ ಇದ್ದರೆ ಸಿ ಮೇಜರ್‌ನಲ್ಲಿ ಜಿ ಸೆವೆನ್ ಕಾರ್ಡ್ ಒತ್ತಿ ನೋಡಿ: ಜಿ, ಬಿ, ಡಿ, ಎಫ್. ಬಿ ಸ್ವರ ಮೇಲಿನ ಸಿ ಕಡೆಗೆ, ಎಫ್ ಸ್ವರ ಕೆಳಗಿನ ಇ ಕಡೆಗೆ ಎಳೆಯುತ್ತೆ. ಕಿವಿ ಸಿ ಕಾರ್ಡ್‌ಗೆ ಕಾಯ್ತಾ ಇರುತ್ತೆ. ಆಗ ಬೇಸ್ ಮಾತ್ರ ಸಿ ಬಿಟ್ಟು ಎ ಸ್ವರಕ್ಕೆ ಹತ್ತಿದರೆ ಕೇಳಿಸೋದು ಎ ಮೈನರ್: ಎ, ಸಿ, ಇ. ಇದರಲ್ಲಿ ಸಿ, ಇ ಎರಡೂ ನಾವು ಕಾಯ್ತಿದ್ದ ಸ್ವರಗಳೇ! ಕೊಟ್ಟ ಮಾತು ಉಳೀತು, ಅಡಿಪಾಯ ಬದಲಾಯ್ತು. ಅದಕ್ಕೇ ಅದು ತಪ್ಪು ಅನ್ನಿಸಲ್ಲ, ಮೈ ಜುಂ ಅನ್ನಿಸುತ್ತೆ.

ಒಡೆಯರ್ ಬದುಕೂ ಹಾಗೇ ಹೊರಳಿತು. ಸಂಗೀತ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಆದರು. ರಷ್ಯಾದ ನಿಕೊಲಾಯ್ ಮೆಟ್ನರ್ ಲಂಡನ್‌ನಲ್ಲಿ ಮೂಲೆಗುಂಪಾಗಿದ್ದಾಗ ಅವರ ಕೃತಿಗಳ ರೆಕಾರ್ಡಿಂಗ್‌ಗೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಇವರಿಗೇ ಅರ್ಪಿಸಿದರು. ಅಂದುಕೊಳ್ಳದ ಕಾರ್ಡ್‌ಗೆ ಜಾರೋದರಲ್ಲಿ ಎತ್ತಿದ ಕೈ ಆಗಿದ್ದ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡರು. ಅವರ ‘ಫೋರ್ ಲಾಸ್ಟ್ ಸಾಂಗ್ಸ್’ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಸಿದ್ದೂ ಒಡೆಯರ್ ಧನಸಹಾಯದಿಂದಲೇ.

ಇನ್ನೊಂದು ತಿರುವು ನೋಡಿ. ಅವರು ಸ್ವಂತ ರಚನೆಗೆ ಹೆಸರಾಗಿದ್ದು ಕಾರ್ಡೇ ಇಲ್ಲದ ಕರ್ನಾಟಕ ಸಂಗೀತದಲ್ಲಿ. ಅಲ್ಲಿ ತಂಬೂರಿಯ ಷಡ್ಜ ಕದಲೋದೇ ಇಲ್ಲ. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿ, 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ಕಣ್ಮುಚ್ಚಿದರು.

ಕೇಳಿದ ಬ್ರಾಂಚ್ ಸಿಗದೆ ಸಿಕ್ಕಿದ್ದಕ್ಕೆ ಸೇರಿಕೊಂಡವರು ನಮ್ಮಲ್ಲಿ ಕಮ್ಮಿ ಇಲ್ಲ. ಬೇಸ್ ಬದಲಾಗಿದೆ, ನಿಜ. ಉಳಿದ ಸ್ವರಗಳು ಇನ್ನೂ ನಮ್ಮ ಕೈಯಲ್ಲೇ ಇವೆ.